ಮಲೆನಾಡಿನಲ್ಲಿ ನಾಯಿ ಬಿಟ್ಟು ಹೊರಡುವ ಮುನ್ನ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದ ಮನೆಯವರು ನಾಲ್ಕು ದಿನ ಊರು ಬಿಟ್ಟು ಹೊರಡಬೇಕೆಂದರೆ ಮೊದಲು ಏಳುವ ಪ್ರಶ್ನೆ ಎರಡು: ಹಾಲು ಕರೆಯುವವರು ಯಾರು, ನಾಯಿಗೆ ಅನ್ನ ಹಾಕುವವರು ಯಾರು? ಮೊದಲನೆಯದು ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಖಾಲಿಯಾಗಿ ತಾನಾಗಿಯೇ ಬಗೆಹರಿದಿದೆ. ನಾಯಿಯದು ಉಳಿದುಕೊಂಡಿದೆ. ಹಿಂದೆ ಪಕ್ಕದ ಮನೆಯ ಜಗುಲಿಗೆ ಕೇಳುವಂತೆ ಕೂಗಿ ಹೇಳಿದರೆ ಆಗುತ್ತಿತ್ತು. ಇಲ್ಲವೇ ತೋಟದ ಕೆಲಸಕ್ಕೆ ಬರುವವರು ಎರಡು ಹೊತ್ತು ಅನ್ನ–ಮಜ್ಜಿಗೆ ಕಲೆಸಿ ಹಾಕಿ ಹೋಗುತ್ತಿದ್ದರು. ಈಗ ಪಕ್ಕದ ಮನೆಗೇ ಬೀಗ. ಮಕ್ಕಳು ಬೆಂಗಳೂರಿನಲ್ಲಿ, ಮಗಳ ಬಾಣಂತನ, ಮೊಮ್ಮಗನ ಶಾಲೆ ಎಂದು ಹಿರಿಯರೂ ತಿಂಗಳುಗಟ್ಟಲೆ ಅಲ್ಲೇ.

ಇದರ ಉಲ್ಟಾ ಪ್ರಯಾಣವೂ ಇದೆ. ದೊಡ್ಡಹಬ್ಬವಾದ ದೀಪಾವಳಿಗೆ, ಏಪ್ರಿಲ್–ಮೇ ತಿಂಗಳ ಮದುವೆ–ಉಪನಯನಗಳಿಗೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬೆಂಗಳೂರು, ಹುಬ್ಬಳ್ಳಿಯಿಂದ ಬರುವ ಕಾರುಗಳ ಹಿಂದಿನ ಸೀಟಿನಲ್ಲಿ ಲ್ಯಾಬ್ರಡಾರ್, ಶಿಟ್ಜು, ಗೋಲ್ಡನ್ ರಿಟ್ರೀವರ್‌ಗಳು ನಾಲಿಗೆ ಚಾಚಿ ಕುಳಿತಿರುತ್ತವೆ. ಮಡಿ–ಮೈಲಿಗೆ ಇರುವ ಮನೆಯಲ್ಲಿ, ನೂರಾರು ಜನ ಓಡಾಡುವ ಚಪ್ಪರದಲ್ಲಿ ಅವನ್ನು ಎಲ್ಲಿ ಇಡುವುದು? ಹೀಗೆ ಎರಡೂ ದಿಕ್ಕಿನಿಂದ, ದುಡ್ಡು ಕೊಟ್ಟು ನಾಯಿಯನ್ನು ಬೇರೆಯವರ ವಶಕ್ಕೆ ಬಿಡುವ ಅಗತ್ಯ ಹಳ್ಳಿಯ ಬಾಗಿಲಿಗೂ ಬಂದು ನಿಂತಿದೆ. ಕೆಲವು ದಿನ–ರಾತ್ರಿ ಬಿಟ್ಟು ಹೋದರೆ ಬೋರ್ಡಿಂಗ್, ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ದರೆ ಡೇ ಕೇರ್. ಪೇಟೆಯ ಮಾತಿನಲ್ಲಿ ಎರಡಕ್ಕೂ ಸೇರಿ ‘ನಾಯಿ ಹಾಸ್ಟೆಲ್’.

ಇಂಥ ಜಾಗವನ್ನು ನೋಡುವಾಗ ನಗರದವರು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಲಸಿಕೆ ಹಾಕಿದ ನಾಯಿಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆಯೇ, ಗೂಡು ಸ್ವಚ್ಛವಾಗಿದೆಯೇ, ಸಿಸಿಟಿವಿ ಇದೆಯೇ, ಎಸಿ ರೂಮು ಉಂಟೇ? ಇವೆಲ್ಲ ಇರಲಿ. ಆದರೆ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ನಾಯಿಯ ಜೀವಕ್ಕೆ ಕುತ್ತು ತರುವ ಸಂಗತಿಗಳಲ್ಲಿ ಬಹುಪಾಲು ಆ ಪಟ್ಟಿಯಲ್ಲೇ ಇಲ್ಲ. ಉಣುಗು, ಚಿರತೆ, ಮಳೆನೀರು, ಮೈಲುತುತ್ತದ ಡ್ರಮ್ಮು, ದೂರದ ಊರಿನ ದೊಡ್ಡಾಸ್ಪತ್ರೆ: ಇಲ್ಲಿಯ ಪಟ್ಟಿ ಇವುಗಳಿಂದ ಶುರುವಾಗಬೇಕು.

ಕಾನೂನು ಏನು ಹೇಳುತ್ತದೆ? ನಾಯಿ ತಳಿ ಬೆಳೆಸಿ ಮಾರುವವರಿಗೆ ಕೇಂದ್ರ ಸರ್ಕಾರದ 2017ರ ನಿಯಮಗಳಿವೆ, ಸಾಕುಪ್ರಾಣಿ ಮಾರುವ ಅಂಗಡಿಗಳಿಗೆ 2018ರ ನಿಯಮಗಳಿವೆ. ಎರಡೂ ಮಾರಾಟಕ್ಕೆ ಸಂಬಂಧಿಸಿದವು. ದುಡ್ಡು ಪಡೆದು ನಾಯಿ ನೋಡಿಕೊಳ್ಳುವವರಿಗಾಗಿಯೇ ಬರೆದವಲ್ಲ. ಉಳಿಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 3ನೇ ಕಲಮು ಮುಖ್ಯವಾದದ್ದು. ಪ್ರಾಣಿ ಯಾರ ವಶದಲ್ಲಿದೆಯೋ ಅವರು ಅದರ ಕ್ಷೇಮಕ್ಕೆ ಬೇಕಾದ ಎಲ್ಲ ಕ್ರಮ ತೆಗೆದುಕೊಳ್ಳಬೇಕು, ವೃಥಾ ನೋವಾಗದಂತೆ ತಡೆಯಬೇಕು ಎನ್ನುತ್ತದೆ ಅದು. ಅಂದರೆ ನಾಲ್ಕು ದಿನಕ್ಕೆ ನಾಯಿ ಇಟ್ಟುಕೊಂಡವರಿಗೂ ಈ ಹೊಣೆ ಅನ್ವಯಿಸುತ್ತದೆ. 11ನೇ ಕಲಮಿನ ಪ್ರಕಾರ ಮೈ ಹೊರಳಿಸಲಾಗದ ಗೂಡಿನಲ್ಲಿ ಇಡುವುದು, ಗಿಡ್ಡ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದು ಅಪರಾಧ. ಶಿಕ್ಷೆ ಮಾತ್ರ ಆ ಕಾಲದ್ದೇ: ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಇಂದಿನ ಲೆಕ್ಕದಲ್ಲಿ ಏನೇನೂ ಅಲ್ಲದ ಮೊತ್ತ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಇದೆ. 2023ರ ಅಕ್ಟೋಬರಿನಲ್ಲಿ ಭೋಪಾಲದ ಒಂದು ಕೇಂದ್ರದಲ್ಲಿ ತರಬೇತಿಗೆಂದು ಬಿಟ್ಟಿದ್ದ ನಾಯಿಯನ್ನು ಗೇಟಿಗೆ ನೇತುಹಾಕಿ ಕೊಂದ ದೃಶ್ಯ ಸಿಸಿಟಿವಿಯಲ್ಲಿ ಸಿಕ್ಕಿ ಮೂವರ ಬಂಧನವಾಗಿತ್ತು. ಅದು ಪೊಲೀಸ್ ಠಾಣೆಗೆ ಹೋಗುವಂಥ ಕ್ರೌರ್ಯ. ಅಜಾಗರೂಕತೆಯಿಂದ ಸಾಯುವ ನಾಯಿಗಳ ವಿಷಯದಲ್ಲಿ ಸಿಸಿಟಿವಿಯಲ್ಲಿ ಕಾಣಿಸುವಂಥದ್ದು ಏನೂ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ 1963ರಷ್ಟು ಹಿಂದೆಯೇ ಇದಕ್ಕೊಂದು ಪ್ರತ್ಯೇಕ ಕಾಯ್ದೆ ಬಂದಿತ್ತು. 2018ರ ಹೊಸ ನಿಯಮಗಳಂತೆ ಅಲ್ಲಿ ಬೋರ್ಡಿಂಗಿಗಷ್ಟೇ ಅಲ್ಲ, ಡೇ ಕೇರಿಗೂ, ತಮ್ಮ ಮನೆಯಲ್ಲೇ ದುಡ್ಡಿಗೆ ನಾಯಿ ಇಟ್ಟುಕೊಳ್ಳುವವರಿಗೂ ಸ್ಥಳೀಯ ಆಡಳಿತದ ಪರವಾನಗಿ ಬೇಕು. ತಪಾಸಣೆ ಮಾಡಿ ಹೋಟೆಲುಗಳಿಗೆ ಕೊಡುವಂತೆ ಒಂದರಿಂದ ಐದು ನಕ್ಷತ್ರದವರೆಗೆ ದರ್ಜೆ ಕೊಡುತ್ತಾರೆ. ಪರವಾನಗಿಯ ಅವಧಿ ಒಂದರಿಂದ ಮೂರು ವರ್ಷ. ನಮ್ಮಲ್ಲಿ ಅಂಥ ವ್ಯವಸ್ಥೆ ಬರುವವರೆಗೆ ನಾಯಿ ಬಿಡುವವರು ಮತ್ತು ಇಟ್ಟುಕೊಳ್ಳುವವರು ಇಬ್ಬರೇ ಕೂತು ನಿಯಮ ಮಾಡಿಕೊಳ್ಳಬೇಕು.

ಮೊದಲು ಲಸಿಕೆ. “ಊರ ನಾಯಿಗೆ ಎಂತ ಲಸಿಕೆ, ಅದಕ್ಕೆ ಎಂತೂ ಆಗ್ತಿಲ್ಲೆ” ಎಂಬ ಮಾತು ಇಲ್ಲಿಯ ಜಗುಲಿಗಳಲ್ಲಿ ಸಾಮಾನ್ಯ. ಒಂಟಿ ಮನೆಯಲ್ಲಿ ಒಂಟಿಯಾಗಿರುವ ನಾಯಿಗೆ ಆ ಮಾತು ಅಷ್ಟಿಷ್ಟು ಸಲ್ಲಬಹುದು. ಐದಾರು ಮನೆಯ ನಾಯಿಗಳು ಒಂದೆಡೆ ಸೇರಿದ ಕ್ಷಣ ಲೆಕ್ಕವೇ ಬೇರೆ. ರೇಬಿಸ್ ಲಸಿಕೆಯ ಜೊತೆಗೆ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ಸೇರಿದ ಸಂಯುಕ್ತ ಲಸಿಕೆ ಆಗಿರಲೇಬೇಕು. ಹಲವು ನಾಯಿಗಳ ಸಹವಾಸಕ್ಕೆ ಬಿಡುವುದಾದರೆ ‘ಕೆನಲ್ ಕಾಫ್’ ಎಂದು ಕರೆಯುವ ನಾಯಿಗೆಮ್ಮಿನ ಲಸಿಕೆಯೂ ಒಳ್ಳೆಯದು. ಅದು ಗಾಳಿಯಲ್ಲೇ ಹರಡುವ ರೋಗ. ಮರಿಗಳಿಗೆ ಆರೆಂಟು ವಾರಕ್ಕೆ ಶುರುವಾದ ಲಸಿಕೆಯ ಸರಣಿ ಮುಗಿಯುವುದು 16 ವಾರದ ಹೊತ್ತಿಗೆ. ಅಲ್ಲಿಯವರೆಗೆ ಮರಿಯನ್ನು ಯಾವ ಹಾಸ್ಟೆಲಿಗೂ ಬಿಡಬಾರದು, ಅವರೂ ತೆಗೆದುಕೊಳ್ಳಬಾರದು. ಹೊರಡುವ ಹಿಂದಿನ ದಿನ ದವಾಖಾನೆಗೆ ಓಡಿ ಸೂಜಿ ಹಾಕಿಸಿ ಕಾರ್ಡು ತೋರಿಸಿದರೆ ಅದರಿಂದ ಪ್ರಯೋಜನವಿಲ್ಲ. ಮೈಯಲ್ಲಿ ರಕ್ಷಣೆ ಹುಟ್ಟಲು ವಾರಗಳು ಬೇಕು. ಮೊದಲ ಸಲದ ರೇಬಿಸ್ ಲಸಿಕೆಗೆ ಮೂರು ನಾಲ್ಕು ವಾರವೇ ಹಿಡಿಯುತ್ತದೆ.

ಪಾರ್ವೊ ವಿಷಯದಲ್ಲಿ ಇಲ್ಲಿಯ ಮನೆಗಳಿಗೇ ಸಂಬಂಧಿಸಿದ ಒಂದು ಸಂಗತಿ ಇದೆ. ಈ ವೈರಸ್ ತಿಂಗಳುಗಟ್ಟಲೆ ನೆಲದಲ್ಲಿ ಬದುಕಿರುತ್ತದೆ. ನಾಯಿ ಮಲಗುವ ಜಾಗವನ್ನು ಇಲ್ಲಿ ಎಲ್ಲರೂ ತೊಳೆಯುವುದು ಫಿನಾಯಿಲಿನಿಂದ. ವಾಸನೆ ಗಮ್ಮೆನ್ನುತ್ತದೆ, ಪಾರ್ವೊ ಸಾಯುವುದಿಲ್ಲ. ಅದಕ್ಕೆ ಬೇಕಾದದ್ದು ಬ್ಲೀಚು: ಮೊದಲು ಕೊಳೆ, ಮಲ ಎಲ್ಲವನ್ನೂ ಸೋಪಿನ ನೀರಲ್ಲಿ ತಿಕ್ಕಿ ತೆಗೆದು, ನಂತರ ಮನೆಬಳಕೆಯ ಬ್ಲೀಚಿನ ಒಂದು ಪಾಲಿಗೆ 30 ಪಾಲು ನೀರು ಸೇರಿಸಿ ಹಾಕಿ, 10 ನಿಮಿಷ ಬಿಟ್ಟು ತೊಳೆಯಬೇಕು. ಕೊಳೆಯ ಮೇಲೆಯೇ ಸುರಿದರೆ ಬ್ಲೀಚು ಸತ್ವ ಕಳೆದುಕೊಳ್ಳುತ್ತದೆ. ಸಗಣಿ ಸಾರಿಸಿದ ನೆಲ, ಮಣ್ಣಿನ ಅಂಗಳ ಎಷ್ಟೇ ಚೆಂದವಿದ್ದರೂ ಅವನ್ನು ಸೋಂಕುಮುಕ್ತ ಮಾಡಲು ಸಾಧ್ಯವೇ ಇಲ್ಲ. ಆದ್ದರಿಂದ ಹಲವು ನಾಯಿ ಇಡುವವರಿಗೆ ಸಿಮೆಂಟಿನ ಅಥವಾ ಟೈಲ್ಸಿನ ಇಳಿಜಾರು ನೆಲ ಅನಿವಾರ್ಯ. ಕಾಯಿಲೆಯ ಶಂಕೆಯಿರುವ ನಾಯಿಗೆ ಬೇರೆಯೇ ಕೋಣೆ, ಬೇರೆಯೇ ಬಟ್ಟಲು, ಬೇರೆಯೇ ಕಸಬರಿಗೆ ಇರಬೇಕು. ನೋಡಿಕೊಳ್ಳುವವರು ಅದರ ಹತ್ತಿರ ಹೋಗುವುದು ಎಲ್ಲ ನಾಯಿಗಳ ಕೆಲಸ ಮುಗಿದ ಮೇಲೆ, ಕೊನೆಗೆ.

ಇನ್ನು ಉಣುಗು. ಮಲೆನಾಡಿನ ನಾಯಿಯ ನಂಬರ್ ಒಂದು ಶತ್ರು ಇದು.

ನಾಯಿಯ ಕಿವಿಯ ಒಳಬದಿ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಅಡಿ, ಬಾಲದ ಬುಡ: ನೋಡಬೇಕಾದ ಜಾಗಗಳು ಇವು. ರಕ್ತ ಕುಡಿದು ಬೂದು ಬಣ್ಣಕ್ಕೆ ತಿರುಗಿ ಊದಿಕೊಂಡ ಹೆಣ್ಣು ಉಣುಗು ಕಣ್ಣಿಗೆ ಬೀಳುತ್ತದೆ. ಎಳ್ಳಿಗಿಂತ ಸಣ್ಣದಿರುವ ಮರಿಗಳು ಬೀಳುವುದಿಲ್ಲ. ನಾಯಿಯನ್ನೇ ನೆಚ್ಚಿದ ಕಂದು ಉಣುಗು ಹೊಟ್ಟೆ ತುಂಬಿದ ಮೇಲೆ ಉದುರಿ, ಗೋಡೆಯ ಬಿರುಕಿಗೆ ಹತ್ತಿ, ಸಾವಿರಾರು ಮೊಟ್ಟೆ ಇಡುತ್ತದೆ. ಗಾರೆ ಮಾಡದ ಚಿರೆಕಲ್ಲಿನ ಗೋಡೆಯಲ್ಲಿ ಅದಕ್ಕೆ ಬೇಕಾದಷ್ಟು ತೂತುಗಳು ಸಿಗುತ್ತವೆ. ಒಂದು ನಾಯಿ ತಂದು ಉದುರಿಸಿದ್ದು ಮುಂದಿನ ತಿಂಗಳು ಅದೇ ಶೆಡ್ಡಿಗೆ ಬರುವ ಇನ್ನೊಂದು ನಾಯಿಗೆ ಹತ್ತುತ್ತದೆ. ಶೆಡ್ಡಿನ ಗೋಡೆಗೆ ನಯವಾದ ಗಾರೆ ಆಗಿದೆಯೇ ಎಂದು ನೋಡುವುದು ಆದ್ದರಿಂದ ಎಸಿ ನೋಡುವುದಕ್ಕಿಂತ ಮುಖ್ಯ.

ಈ ಉಣುಗು ಎರ್ಲಿಕಿಯಾ, ಬೆಬೇಸಿಯಾ ಮೊದಲಾದ ಸೂಕ್ಷ್ಮಜೀವಿಗಳನ್ನು ನಾಯಿಯ ರಕ್ತಕ್ಕೆ ದಾಟಿಸುತ್ತದೆ. ಪಶುವೈದ್ಯರು ಒಟ್ಟಾಗಿ ‘ಟಿಕ್ ಫೀವರ್’ ಎನ್ನುವುದು ಇದಕ್ಕೇ. ಜ್ವರ, ಅನ್ನ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ ಇದರ ಲಕ್ಷಣಗಳು. ತಡವಾದರೆ ನಾಯಿ ಉಳಿಯುವುದು ಕಷ್ಟ. ಎರ್ಲಿಕಿಯಾ ಲಕ್ಷಣ ತೋರಿಸಲು ಒಂದರಿಂದ ಮೂರು ವಾರ ಬೇಕು. ಅಷ್ಟು ಹೊತ್ತಿಗೆ ನಾಯಿ ಮನೆಗೆ ಮರಳಿರುತ್ತದೆ. ‘ನಿಮ್ಮಲ್ಲೇ ಹತ್ತಿದ್ದು’, ‘ಬರುವಾಗಲೇ ಇತ್ತು’ ಎಂಬ ಜಗಳ ಹುಟ್ಟುವುದು ಇಲ್ಲಿ. ನಾಯಿಯನ್ನು ಒಪ್ಪಿಸುವಾಗ ಮತ್ತು ಮರಳಿ ಪಡೆಯುವಾಗ ಇಬ್ಬರೂ ಸೇರಿ ಕಿವಿ, ಕಾಲು ತಡಕಿ ನೋಡಿ, ಸಿಕ್ಕಿದ್ದನ್ನು ಪುಸ್ತಕದಲ್ಲಿ ಬರೆದರೆ ಅರ್ಧ ಜಗಳ ಮುಗಿದಂತೆ. ಒಂದು ತಿಂಗಳು ಅಥವಾ ಮೂರು ತಿಂಗಳು ಕೆಲಸ ಮಾಡುವ ಮಾತ್ರೆಗಳು, ಬೆನ್ನಿಗೆ ಹಚ್ಚುವ ಹನಿಗಳು ಸಿಗುತ್ತವೆ. ವೈದ್ಯರನ್ನು ಕೇಳಿ, ನಾಯಿಯ ತೂಕಕ್ಕೆ ತಕ್ಕದ್ದನ್ನು ಬಿಡುವ ಮುಂಚೆಯೇ ಕೊಟ್ಟಿರಬೇಕು. ದನಕ್ಕೆ ಹಚ್ಚುವ ಔಷಧವನ್ನೇ ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಬಳಿಯುವ ರೂಢಿ ಕೆಲವೆಡೆ ಇದೆ. ನಾಯಿ ಮೈ ನೆಕ್ಕುತ್ತದೆ ಎಂಬುದು ಆ ಅಂದಾಜಿನಲ್ಲಿ ಸೇರಿರುವುದಿಲ್ಲ.

ಸಿದ್ದಾಪುರ ತಾಲ್ಲೂಕಿನಲ್ಲಿ ಉಣುಗು ಎಂದರೆ ಮನುಷ್ಯರ ಚಿಂತೆಯೂ ಹೌದು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. 2024ರ ಆರಂಭದ ತಿಂಗಳುಗಳಲ್ಲಿ ಸಿದ್ದಾಪುರದ ಹಳ್ಳಿಗಳಲ್ಲಿ ಹಲವರಿಗೆ ಈ ಜ್ವರ ಬಂದಿತ್ತು. ಹಳೆಯ ಲಸಿಕೆಯ ಬಳಕೆ 2022ರಲ್ಲೇ ನಿಂತಿದೆ. ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಚ್ಚಿಕೊಳ್ಳಲು ಎಣ್ಣೆ ಹಂಚುತ್ತದೆ. ಈ ಕಾಯಿಲೆಯಲ್ಲಿ ಮಂಗ ಮತ್ತು ದನದ ಪಾತ್ರವೇ ದೊಡ್ಡದು. ಆದರೆ ಬೆಟ್ಟ ಸುತ್ತಿ ಬಂದ ನಾಯಿ ಕಾಡಿನ ಉಣುಗನ್ನು ಅಂಗಳಕ್ಕೆ ತರಬಲ್ಲದು. ಆ ಋತುವಿನಲ್ಲಿ ‘ನೇಚರ್ ವಾಕ್’ ಎಂದು ಹಾಸ್ಟೆಲಿನ ನಾಯಿಗಳನ್ನು ಸೊಪ್ಪಿನ ಬೆಟ್ಟಕ್ಕೆ ಕರೆದೊಯ್ಯುವುದು ನಾಯಿಗೂ ಬೇಡ, ಕರೆದೊಯ್ಯುವವರಿಗೂ ಬೇಡ. ಉಣುಗನ್ನು ಕೈಯಲ್ಲಿ ಹಿಸುಕಬಾರದು. ಚಿಮಟಿಗೆಯಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು.

ಮಳೆಗಾಲದ್ದು ಬೇರೆಯೇ ಅಧ್ಯಾಯ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ನಾಯಿಯ ಕಿಡ್ನಿ ಮತ್ತು ಲಿವರನ್ನು ಹಾಳುಮಾಡುತ್ತದೆ. ಸೋಂಕು ತಗಲಿದ ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ. ಬರಿಗಾಲಲ್ಲಿ ಗೂಡು ತೊಳೆಯುವ ಹುಡುಗನಿಗೆ ಗಮ್‌ಬೂಟು, ಕೈಗವಸು ಕೊಡುವುದು ಅವನ ಹಕ್ಕಿನ ವಿಷಯ. ಗದ್ದೆ, ಕಾಲುವೆಯ ನಿಂತ ನೀರು ಕುಡಿಯದಂತೆ ನಾಯಿಗೆ ಬೇರೆ ನೀರಿಡಬೇಕು. ಅನ್ನದ ಬಟ್ಟಲನ್ನು ರಾತ್ರಿ ಹೊರಗೆ ಬಿಟ್ಟರೆ ಇಲಿಗೆ ಆಮಂತ್ರಣ ಕೊಟ್ಟಂತೆ. ಜೂನ್–ಜುಲೈನಲ್ಲಿ ಬಿಸಿಲು ಕಾಣದ ವಾರಗಳಲ್ಲಿ ಒದ್ದೆ ಗೋಣಿಚೀಲದ ಮೇಲೆ ಮಲಗಿದ ನಾಯಿಗೆ ಮೈತುಂಬ ಬೂಷ್ಟು ಕಜ್ಜಿ. ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ ಹಾಕಿದರೆ ಇದು ಬಹಳಷ್ಟು ತಪ್ಪುತ್ತದೆ. ಉಂಬಳ ಮೂಗಿನ ಒಳಗೆ ಸೇರಿಕೊಂಡರೆ ನಾಯಿ ದಿನಗಟ್ಟಲೆ ಸೀನುತ್ತ ರಕ್ತ ಸುರಿಸುತ್ತದೆ. ಟಿಕ್ ಫೀವರಿನಲ್ಲೂ ಮೂಗಿನ ರಕ್ತ ಬರುವುದರಿಂದ ಎರಡನ್ನೂ ವೈದ್ಯರೇ ಬೇರ್ಪಡಿಸಿ ಹೇಳಬೇಕು.

ಕತ್ತಲಾದ ಮೇಲೆ ಚಿರತೆ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಚಿರತೆಯ ಆಹಾರದಲ್ಲಿ ನಾಯಿಯ ಪಾಲೇ ಶೇ 39 ಇತ್ತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಿನ ಯಲ್ಲಾಪುರದವರಿಗೆ, ಜಗುಲಿಯಿಂದಲೇ ನಾಯಿ ಕಳೆದುಕೊಂಡ ಮನೆಗಳಿರುವ ಇಡೀ ಮಲೆನಾಡಿಗೆ ಇದನ್ನು ಅಂಕಿಅಂಶ ಕೊಟ್ಟು ಹೇಳಬೇಕಿಲ್ಲ. ಸರಪಳಿಯಲ್ಲಿರುವ ನಾಯಿ ಓಡಲೂ ಆರದು. ಸಾಕಿದ ಮನೆಯ ನಾಯಿಗಾದರೂ ತಪ್ಪಿಸಿಕೊಳ್ಳುವ ಮೂಲೆ ಗೊತ್ತಿರುತ್ತದೆ. ಬೆಂಗಳೂರಿನ ಫ್ಲಾಟಿನಿಂದ ಬಂದ ಲ್ಯಾಬ್ರಡಾರಿಗೆ ಚಿರತೆಯ ವಾಸನೆ ಏನೆಂಬುದೂ ಗೊತ್ತಿಲ್ಲ. ಬೇಲಿ ಎಷ್ಟು ಎತ್ತರವಿದ್ದರೂ ಚಿರತೆ ಹತ್ತುತ್ತದೆ. ಆದ್ದರಿಂದ ರಾತ್ರಿ ಮಲಗುವ ಗೂಡಿಗೆ ಮೇಲ್ಗಡೆಯೂ ಜಾಲರಿ ಅಥವಾ ಗಟ್ಟಿ ಮಾಡು, ಒಳಗಿನಿಂದ ನಾಯಿ ಮೂತಿಯಲ್ಲಿ ತೆರೆಯಲಾಗದ ಚಿಲಕ, ಸೂರ್ಯ ಮುಳುಗುವ ಮುಂಚೆ ಎಲ್ಲ ನಾಯಿಗಳೂ ಒಳಗೆ ಎಂಬ ಕಟ್ಟುನಿಟ್ಟು ಬೇಕು. ರಾತ್ರಿ ಆ ಜಾಗದಲ್ಲಿ ಮನುಷ್ಯರು ಮಲಗುತ್ತಾರೆಯೇ ಎಂದೂ ಕೇಳಬೇಕು.

‘ತೋಟದ ನಡುವೆ ಸ್ವಚ್ಛಂದ ಓಡಾಟ’ ಎಂಬ ಜಾಹೀರಾತನ್ನು ನಗರದವರು ನೆಚ್ಚುತ್ತಾರೆ. ಅಡಿಕೆ ತೋಟ ನಾಯಿಗೆ ಪಾರ್ಕು ಅಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ನಾಯಿ ನೆಕ್ಕಿದರೆ ವಾಂತಿ, ಹೊಟ್ಟೆಯುರಿ; ಹೆಚ್ಚು ಹೋದರೆ ಜೀವಕ್ಕೇ ಅಪಾಯ. ಬಸವನಹುಳಕ್ಕೆಂದು ಚೆಲ್ಲುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ತಿಂಡಿಯ ಹಾಗೆ ಕಾಣುತ್ತದೆ, ಗಂಟೆಗಳಲ್ಲೇ ನಡುಕ, ಸೆಳವು ತರುತ್ತದೆ. ಇಲಿಪಾಷಾಣದ ಮಾತು ಬೇರೆ ಹೇಳಬೇಕಿಲ್ಲ. ಕಾಡುಹಂದಿಗೆಂದು ಕದ್ದು ಇಡುವ ಸಿಡಿಮದ್ದಿನ ಉಂಡೆಯನ್ನು ಕಚ್ಚಿ ದವಡೆ ಒಡೆದುಕೊಂಡ ನಾಯಿಗಳೂ ಉಂಟು. ಹಾವಿನ ವಿಷಯಕ್ಕೆ ಬಂದರೆ, ನಾಗರ ಅಥವಾ ಕೊಳಕು ಮಂಡಲ ಕಚ್ಚಿದ ನಾಯಿಗೂ ಮನುಷ್ಯರಿಗೆ ಕೊಡುವ ಪ್ರತಿವಿಷವೇ ಔಷಧ. ಅದು ಎಲ್ಲಿ ದಾಸ್ತಾನಿದೆ ಎಂಬುದನ್ನು ಕಚ್ಚಿದ ಮೇಲೆ ಹುಡುಕಲು ಹೊರಡಬಾರದು. ಒಟ್ಟಿನಲ್ಲಿ ಓಡಾಟಕ್ಕೆ ಬೇಲಿ ಹಾಕಿದ, ಔಷಧ ಸೋಕದ ಬೇರೆಯದೇ ಅಂಗಳ ಬೇಕು.

ಊಟದಲ್ಲೂ ಊರಿನ ಗುರುತಿದೆ. ಹವ್ಯಕರ ಮನೆಯ ನಾಯಿ ಹುಟ್ಟಿನಿಂದ ಅನ್ನ–ಮಜ್ಜಿಗೆ, ದೋಸೆಯ ಚೂರು ತಿಂದು ಬೆಳೆದಿರುತ್ತದೆ. ಹಾಸ್ಟೆಲಿನಲ್ಲಿ ಪ್ರೀತಿಯಿಂದಲೇ ಕೋಳಿ ಬೇಯಿಸಿ ಹಾಕಿದರೆ ಮರುದಿನ ಭೇದಿ. ಪ್ಯಾಕೆಟ್ ಆಹಾರದ ನಗರದ ನಾಯಿಗೆ ಅನ್ನ–ಮಜ್ಜಿಗೆ ಇಟ್ಟರೂ ಅದೇ ಗತಿ. ಮನೆಯಲ್ಲಿ ತಿನ್ನುವುದನ್ನೇ ಅಳತೆ ಸಮೇತ ಬರೆದುಕೊಡಬೇಕು, ಸಾಧ್ಯವಾದರೆ ಜೊತೆಗೇ ಕಳಿಸಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಯಾವ ನಾಯಿಗೂ ಬೇಡ. ಮೇ ತಿಂಗಳಲ್ಲಿ ಮಾವಿನ ಗೊರಟೆ ನುಂಗಿ ಕರುಳು ಕಟ್ಟಿಕೊಂಡ ನಾಯಿಗೆ ಆಪರೇಷನ್ನೇ ಗತಿಯಾಗಬಹುದು.

ಡೇ ಕೇರಿನಲ್ಲಿ ದೊಡ್ಡ ಅಪಾಯ ನಾಯಿಗಳೇ. ಗಾತ್ರ, ಸ್ವಭಾವ ನೋಡಿ ಗುಂಪು ಮಾಡಬೇಕು. ಊಟದ ಹೊತ್ತಿನಲ್ಲಿ ಬೇರ್ಪಡಿಸಬೇಕು. ಬೆದೆಗೆ ಬಂದ ಹೆಣ್ಣುನಾಯಿಯನ್ನು ಆ ದಿನಗಳಲ್ಲಿ ತೆಗೆದುಕೊಳ್ಳಲೇಬಾರದು. ಗೇಟು ಒಂದಲ್ಲ, ಎರಡು ಇರಬೇಕು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ನೋಡಿಕೊಳ್ಳುವವರು ಮುಂಚಿತವಾಗಿಯೇ ರೇಬಿಸ್ ಲಸಿಕೆ ಹಾಕಿಸಿಕೊಂಡಿದ್ದರೆ ಒಳ್ಳೆಯದು. ಯಾರಿಗೇ ಕಚ್ಚಿದರೂ, ಪರಚಿದರೂ ಗಾಯವನ್ನು 15 ನಿಮಿಷ ಸೋಪು, ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ಮನುಷ್ಯರ ರೇಬಿಸ್ ಪ್ರಕರಣಗಳನ್ನು ವರದಿ ಮಾಡುವುದನ್ನು ಕರ್ನಾಟಕ 2022ರಲ್ಲೇ ಕಡ್ಡಾಯ ಮಾಡಿದೆ.

ಕೊನೆಗೆ ದೂರದ ಪ್ರಶ್ನೆ. ತಾಲ್ಲೂಕು ಕೇಂದ್ರಗಳಲ್ಲಿ ಪಶು ಆಸ್ಪತ್ರೆಗಳಿವೆ, 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ವ್ಯವಸ್ಥೆ ಇದೆ. ದೊಡ್ಡ ಆಪರೇಷನ್, ಹೆಚ್ಚಿನ ಪರೀಕ್ಷೆ ಎಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಹುಬ್ಬಳ್ಳಿಗೋ ತಾಸುಗಟ್ಟಲೆ ಪ್ರಯಾಣ. ಮಾಲೀಕರು ಮದುವೆ ಮಂಟಪದಲ್ಲಿರುತ್ತಾರೆ, ಫೋನು ಎತ್ತುವುದಿಲ್ಲ. ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕೇ ಇರುವುದಿಲ್ಲ. ಆಗ ನಿರ್ಧಾರ ಯಾರದು, ಖರ್ಚು ಯಾರದು? ಇದನ್ನು ಬಾಯಿಮಾತಿಗೆ ಬಿಡಬಾರದು. ಯಾವ ವೈದ್ಯರಲ್ಲಿಗೆ ಒಯ್ಯಬೇಕು, ಮಾಲೀಕರನ್ನು ಕೇಳದೆ ಎಷ್ಟು ರೂಪಾಯಿವರೆಗೆ ಚಿಕಿತ್ಸೆ ಮಾಡಿಸಬಹುದು, ಫೋನು ಸಿಗದಿದ್ದರೆ ಯಾರಿಗೆ ತಿಳಿಸಬೇಕು: ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಲಸಿಕೆ ಕಾರ್ಡಿನ ಪ್ರತಿ ಲಗತ್ತಿಸಿ, ಹಣಕ್ಕೆ ರಸೀದಿ ಪಡೆಯಬೇಕು. ದುಡ್ಡು ಕೊಟ್ಟು ಪಡೆದ ಸೇವೆಯಾದ್ದರಿಂದ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ದಾರಿಯಿದೆ. ಅಲ್ಲಿ ಕೇಳುವುದು ಆ ಕಾಗದವನ್ನೇ.

ಶಿರಸಿ ನಗರಸಭೆ, ಸಿದ್ದಾಪುರ ಮತ್ತು ಯಲ್ಲಾಪುರದ ಪಟ್ಟಣ ಪಂಚಾಯಿತಿಗಳು, ಸುತ್ತಲಿನ ಗ್ರಾಮ ಪಂಚಾಯಿತಿಗಳು ಹೋಮ್‌ಸ್ಟೇಗೆ, ಅಂಗಡಿಗೆ ಪರವಾನಗಿ ಕೊಡುತ್ತಲೇ ಇವೆ. ದುಡ್ಡಿಗೆ ನಾಯಿ ಇಡುವ ಜಾಗಗಳಿಗೂ ಪರವಾನಗಿಯ ಮುನ್ನ ತಾಲ್ಲೂಕು ಪಶುವೈದ್ಯಾಧಿಕಾರಿಯೊಬ್ಬರು ಬಂದು ಗೋಡೆ, ನೆಲ, ಮಾಡು, ಲಸಿಕೆ ಪುಸ್ತಕ ನೋಡಿ ಹೋಗುವ ಕ್ರಮವನ್ನು ಬರುವ ದೊಡ್ಡಹಬ್ಬದೊಳಗೆ ಅವು ತರಲಿ.